ಮಳೆ ಹೇಳುತ್ತಿದ್ದ ಕಸ್ತೂರಕ್ಕ

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದ ದಿನ ಕಸ್ತೂರಕ್ಕ ಇಳಕಲ್ ಸೀರೆ ಉಟ್ಟು ಅಂಗಡಿಗೆ ಬರುತ್ತಿದ್ದಳು. ಉಳಿದ ದಿನ ಆಕೆಯ ಮೈಮೇಲೆ ಬಣ್ಣ ಹೋದ ವಾಯಿಲ್ ಸೀರೆ, ಅದರ ಮೇಲೆ ಔಷಧ ಅಂಗಡಿಯವರು ಹಾಕುವ ಬಿಳಿ ಕೋಟು. ಹಬ್ಬಕ್ಕೂ ಅದೇ, ಮಂದಿಯ ಮದುವೆಗೂ ಅದೇ. ಆದರೆ ಅಂಡಮಾನದ ಆಚೆ ಎಲ್ಲೋ ಮೋಡ ಸುತ್ತು ಹಾಕತೊಡಗಿದೆ ಎಂದು ಫೋನಿನಲ್ಲಿ ಕಂಡ ಮುಂಜಾನೆ ತಲೆಗೆ ಎಣ್ಣೆ ಹಚ್ಚಿ, ತುರುಬು ಬಿಗಿದು, ಕೆಂಪು ಸೆರಗಿನ ಸೀರೆ ಉಟ್ಟು ಬೈಲಹೊಂಗಲದ ಪೇಟೆಯ ನಡುವೆ ನಡೆದು ಬರುತ್ತಿದ್ದಳು. ಐವತ್ತು ದಾಟಿದ, ಗಿಡ್ಡ, ಸಣಕಲು ಹೆಂಗಸು. ಆಕೆಯ ಸೀರೆ ನೋಡಿದ ಕಾಳಿನ ವ್ಯಾಪಾರಿಗಳು ಮಾತಾಡದೆ ರಾಶಿ ಮುಚ್ಚುವ ತಾಡಪತ್ರಿ ಹುಡುಕಲು ಆಳು ಕಳಿಸುತ್ತಿದ್ದರು.

ಮಳೆಯ ಹುಚ್ಚು ಆಕೆಗೆ ಯಾಕೆ ಹತ್ತಿತು ಎಂದು ಯಾರಿಗೂ ಗೊತ್ತಿರಲಿಲ್ಲ. ಹೊಲ ಇರಲಿಲ್ಲ, ಎತ್ತು ಇರಲಿಲ್ಲ. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ದಾರಿಯಲ್ಲಿ ಗಂಡನ ಔಷಧ ಅಂಗಡಿ, ಅದರ ಹಿಂದಿನ ಓಣಿಯಲ್ಲಿ ಮನೆ, ಮನೆಯ ತಾರಸಿಯ ಮೇಲೆ ಮಳೆ ಅಳೆಯುವ ಡಬ್ಬಿ. ಇಷ್ಟೇ ಆಕೆಯ ಸಂಸಾರ.

ನನ್ನದು ಎಂ.ಕೆ. ಹುಬ್ಬಳ್ಳಿಯಲ್ಲಿ ಕಬ್ಬಿನ ಲಾರಿಗಳನ್ನು ಗೊತ್ತುಮಾಡಿಕೊಡುವ ಧಂದೆ. ಹಂಗಾಮಿನಲ್ಲಿ ಮಳೆ ಬಂದರೆ ಕರಿಮಣ್ಣಿನಲ್ಲಿ ಲಾರಿ ಅಚ್ಚಿನವರೆಗೆ ಹೂತು ಹೋಗುತ್ತದೆ. ಹಾಗಾಗಿ ನನಗೂ ಆಕಾಶ ನೋಡುವ ಚಟ ಇತ್ತು. ಒಮ್ಮೆ ಬೈಲಹೊಂಗಲಕ್ಕೆ ಹೋದಾಗ ಡ್ರೈವರನಿಗೆ ಜ್ವರ ಎಂದು ಗುಳಿಗೆ ಕೇಳಲು ಆಕೆಯ ಅಂಗಡಿಗೆ ಹೋಗಿದ್ದೆ. ನನ್ನ ಮುಂದೆ ನಿಂತಿದ್ದ ಒಬ್ಬ ಗೌಡರು ಕೆಮ್ಮಿನ ಔಷಧ ತೆಗೆದುಕೊಂಡು, ಸೌಜನ್ಯಕ್ಕೆಂದು ಕೇಳಿದರು: "ಅಕ್ಕಾರ, ಮೋಡ ಆಗೇತಿ. ಮಳಿ ಆದೀತೇನ್ರಿ?"

"ಅದು ಮೋಡ ಅಲ್ರಿ, ಗಿರಣಿ ಹೊಗಿ," ಎಂದಳು ಕಸ್ತೂರಕ್ಕ. "ಕೆಮ್ಮಿಗೆ ಔಷಧ ಕೊಟ್ಟೇನಿ. ಕಣ್ಣಿಗೆ ಬೇಕಂದ್ರ ಬ್ಯಾರೆ ಡಾಕ್ಟರ ಚೀಟಿ ತರ್ರಿ."

ಗೌಡರ ಮುಖ ಕೆಂಪಾಯಿತು. ನಾನು ನಗು ತಡೆದುಕೊಂಡು, "ಮಳಿ ಇವತ್ತಲ್ರಿ, ನಾಡದಿಗೆ. ಗಾಳಿ ಇನ್ನೂ ಪಡುವಣ ಐತಿ," ಎಂದೆ. ಆಕೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. "ಯಾವ ಊರು?" ಎಂದಳು. ಊರು ಹೇಳಿದೆ. "ಫೋನ್ ನಂಬರ ಹೇಳು," ಎಂದಳು. ಹಾಗೆ ನಾನು ಆಕೆಯ ಗುಂಪಿಗೆ ಸೇರಿದೆ.

ಗುಂಪಿನ ಹೆಸರು 'ಮೋಡದ ಬಳಗ.' ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಕಡೆಯ ಮಂದಿ. ಒಬ್ಬ ಫೋಟೋ ತೆಗೆಯುವವನು, ಒಬ್ಬ ನಿವೃತ್ತ ಕಂಡಕ್ಟರ್, ಉಗರಗೋಳದಲ್ಲಿ ಯಲ್ಲಮ್ಮನ ಭಕ್ತರಿಗೆ ಭಂಡಾರ, ಕಾಯಿ ಮಾರುವವನೊಬ್ಬ. ಎಲ್ಲರಿಗೂ ಒಂದೇ ಚಟ. ಉಪಗ್ರಹದ ಚಿತ್ರ ನೋಡುವುದು, ಸಮುದ್ರದಲ್ಲಿ ಎದ್ದ ಬಿರುಗಾಳಿ ಯಾವ ದಾರಿ ಹಿಡಿಯುತ್ತದೆ ಎಂದು ಬೇರೆ ಬೇರೆ ದೇಶದ ಕಂಪ್ಯೂಟರುಗಳು ಎಳೆದು ತೋರಿಸುವ ಗೆರೆಗಳನ್ನು ಹೋಲಿಸುವುದು, ನಮ್ಮ ತಾಲೂಕಿಗೆ ಎಷ್ಟು ಬಂದೀತು ಎಂದು ವಾದ ಮಾಡುವುದು. ಕಡೆಯ ಮಾತು ಮಾತ್ರ ಅಕ್ಕನದು. ಆಕೆ ತನ್ನ ಧ್ವನಿಯಲ್ಲಿ ನಾಲ್ಕು ಮಾತು ರೆಕಾರ್ಡ್ ಮಾಡಿ ಬಿಡುತ್ತಿದ್ದಳು. ಅದು ನಮ್ಮ ಗುಂಪಿನಿಂದ ರೈತರ ಗುಂಪಿಗೆ, ಅಲ್ಲಿಂದ ವ್ಯಾಪಾರಿಗಳ ಗುಂಪಿಗೆ ಹೋಗಿ ಸಂಜೆಯೊಳಗೆ ಚಹಾ ಅಂಗಡಿಗಳಲ್ಲಿ ಕೇಳಿಬರುತ್ತಿತ್ತು. ಹತ್ತರಲ್ಲಿ ಒಂಬತ್ತು ಸಲ ಆಕೆ ಹೇಳಿದಂತೆಯೇ ಆಗುತ್ತಿತ್ತು. ಮಂದಿ ಆಕೆಯನ್ನು ನಂಬುತ್ತಿದ್ದರು, ಆದರೆ ಆಕೆ ಯಾರಿಗೂ ಇಷ್ಟವಾಗಿರಲಿಲ್ಲ.

ಇಷ್ಟವಾಗುವುದು ಆಕೆಗೆ ಬೇಕಾಗಿಯೂ ಇರಲಿಲ್ಲ. ಪೇಟೆಯ ಒಬ್ಬ ಸಾಹುಕಾರರು ಮಗನ ಮದುವೆಯನ್ನು ಬಯಲಿನಲ್ಲಿ ಪೆಂಡಾಲ್ ಹಾಕಿ ಮಾಡುವವರಿದ್ದರು. ಲಗ್ನಪತ್ರಿಕೆ ಕೊಡಲು ಬಂದಾಗ, "ಮಳಿ ಏನೂ ತ್ರಾಸ ಕೊಡೂದಿಲ್ಲಲ್ಲರಿ ಅಕ್ಕಾರ?" ಎಂದು ಕೇಳಿದರು. ಒಳ್ಳೆಯ ಮಾತು ಬರಲಿ ಎಂದು ಕೇಳಿದ್ದು ಅದು. ಕಸ್ತೂರಕ್ಕ ಪತ್ರಿಕೆಯ ಮೇಲಿನ ತಾರೀಖು ನೋಡಿ, "ಊಟಕ್ಕ ಕುಂತಾಗ ಬರತೈತಿ. ಎಲಿಯೊಳಗ ಸಾರು ನೀವ ಹಾಕೂದು ಬ್ಯಾಡ," ಎಂದಳು. ಹಾಗೆಯೇ ಆಯಿತು. ಮೊದಲ ಪಂಕ್ತಿ ಎಲೆಯ ಮುಂದೆ ಕುಳಿತಾಗ ಪೆಂಡಾಲಿನ ಬಟ್ಟೆಯಲ್ಲಿ ನೀರು ನಿಂತು, ಹೊಟ್ಟೆ ಬಂದಂತೆ ಜೋತು, ಹರಿದು ಬಿತ್ತು. ಕಸ್ತೂರಕ್ಕ ಕೊಡೆ ತಂದಿದ್ದಳು. ಅದನ್ನು ಬಿಚ್ಚಿ ಹಿಡಿದುಕೊಂಡು ಹೋಳಿಗೆ ಮುಗಿಸಿ ಎದ್ದಳು. ಮದುಮಗಳ ತಾಯಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳಂತೆ. ಅಕ್ಕ ಆಕೆಯ ಪಕ್ಕದಲ್ಲಿ ಹಾಯ್ದು ಹೋಗುವಾಗ, "ಒಂದ ತಾಸಿನ ಮಳಿ ಅಷ್ಟ. ಎರಡನೇ ಪಂಕ್ತಿಗೆ ನಿಂದರತೈತಿ," ಎಂದಳಂತೆ. ಅದೂ ಖರೆಯೇ ಆಯಿತು.

ನನಗೂ ಆಕೆ ಉಪಕಾರ ಮಾಡಿದ್ದಾಳೆ. ಒಮ್ಮೆ ಒಂದು ಊರಿನ ಹೊಲದಲ್ಲಿ ನನ್ನ ಲಾರಿಗಳು ಕಬ್ಬು ತುಂಬುತ್ತಿದ್ದವು. ಬಿಸಿಲು ಹೊಡೆಯುತ್ತಿತ್ತು. ಆಕೆ ಫೋನ್ ಮಾಡಿ, "ತುಂಬಿದಷ್ಟು ಸಾಕು, ಗಾಡಿ ಡಾಂಬರಕ್ಕ ಹಚ್ಚು," ಎಂದಳು. ಹಚ್ಚಿದೆವು. ಕಡೆಯ ಲಾರಿ ರಸ್ತೆಗೆ ಏರುವಾಗ ಹನಿ ಶುರುವಾಗಿ, ಆ ಹೊಲಕ್ಕೆ ಮತ್ತೆ ಗಾಲಿ ಇಡಲು ವಾರಗಟ್ಟಲೆ ಕಾಯಬೇಕಾಯಿತು. ಬೇರೆಯವರ ಗಾಡಿಗಳು ಅಲ್ಲೇ ಕುಳಿತವು. ನಾನು ಒಂದು ಪೆಂಟೆ ಬೆಲ್ಲ ಹೊತ್ತುಕೊಂಡು ಹೋಗಿ ಕೈ ಮುಗಿದೆ. ಆಕೆ ಬೆಲ್ಲ ಇಟ್ಟುಕೊಂಡಳು. "ನಿನ್ನ ಸಲುವಾಗಿ ಹೇಳಲಿಲ್ಲೋ ಶಂಕ್ರಪ್ಪಾ. ನನ್ನ ಲೆಕ್ಕ ಖರೇ ಐತೋ ಇಲ್ಲೋ ನೋಡಬೇಕಾಗಿತ್ತು. ನೀ ಅಲ್ಲದಿದ್ರ ಇನ್ನೊಬ್ಬ," ಎಂದಳು. ನನಗೆ ಸಿಟ್ಟು ಬರಲಿಲ್ಲ. ಸುಳ್ಳು ಪ್ರೀತಿ ತೋರಿಸುವವರನ್ನೇ ದಿನವೂ ನೋಡುವ ಧಂದೆ ನನ್ನದು. ಆಕೆಯ ಎದುರು ಕುಳಿತರೆ ಒಂದು ತರಹ ಹಗುರಾಗುತ್ತಿತ್ತು.

ಎಲ್ಲರಿಗೂ ಹಾಗೆ ಆಗುತ್ತಿರಲಿಲ್ಲ. ರಾಮದುರ್ಗದ ಮಲ್ಲೇಶನಿಗಂತೂ ಆಗಲಿಲ್ಲ.

ಮಲ್ಲೇಶ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ ಹುಡುಗ. ಬಳಗದಲ್ಲಿ ಎಲ್ಲರಿಗಿಂತ ಚುರುಕು, ಎಲ್ಲರಿಗಿಂತ ಅವಸರ. ಒಂದು ಹಿಂಗಾರಿಯಲ್ಲಿ ಅವನು ರಾಮದುರ್ಗಕ್ಕೆ ದೊಡ್ಡ ಮಳೆ ಬರುತ್ತದೆ ಎಂದು ತನ್ನ ಹೆಸರಿನಲ್ಲೇ ಸುದ್ದಿ ಬಿಟ್ಟ. ಒಂದು ಹನಿಯೂ ಬರಲಿಲ್ಲ. ಅದಾದ ಸ್ವಲ್ಪ ದಿನಕ್ಕೆ ನಾವೆಲ್ಲ ಉಗರಗೋಳದ ಖಾನಾವಳಿಯಲ್ಲಿ ಕೂಡಿದೆವು. ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದು ಒಟ್ಟಿಗೆ ಊಟ ಮಾಡುವುದು ಬಳಗದ ರೂಢಿ. ಮಲ್ಲೇಶ ಹೊಸದಾಗಿ ಮದುವೆಯಾಗಿದ್ದ. ಹೆಂಡತಿಯನ್ನು ಕರೆತಂದು ಅಕ್ಕನ ಕಾಲಿಗೆ ನಮಸ್ಕಾರ ಮಾಡಿಸಿದ. ಅಕ್ಕ ರೊಟ್ಟಿ ಮುರಿಯುತ್ತಾ ಆ ಹುಡುಗಿಯನ್ನು ಕೇಳಿದಳು: "ಇವ ನಿನ್ನ ಗಂಡ ಏನವಾ?"

"ಹೌದ್ರಿ," ಎಂದಳು ಹುಡುಗಿ.

"ರಾಮದುರ್ಗಕ್ಕ ಮಳಿ ತರತೇನಿ ಅಂತ ಊರ ತುಂಬ ಡಂಗುರಾ ಸಾರಿದ್ದ. ನಿನಗ ಏನೇನ ತರತೇನಿ ಅಂದಾನೋ ಏನೋ. ಮುಟ್ಟಿ ನೋಡಿ ನಂಬು."

ಕೆಲವರು ನಕ್ಕರು. ಮಲ್ಲೇಶನೂ ನಗಲು ನೋಡಿದ. ಅಕ್ಕ ಅಲ್ಲಿಗೆ ಬಿಡಲಿಲ್ಲ. ಅವನು ನೋಡಿದ್ದು ಯಾವ ಗೆರೆ, ಆ ಗೆರೆಯನ್ನು ಯಾಕೆ ನಂಬಬಾರದಿತ್ತು, ಅವನ ತಲೆಯಲ್ಲಿ ಇರುವುದು ಏನು, ಇಲ್ಲದ್ದು ಏನು, ಎಲ್ಲವನ್ನೂ ರೊಟ್ಟಿ ಮುಗಿಯುವವರೆಗೆ ಒಂದೇ ದನಿಯಲ್ಲಿ ಹೇಳಿದಳು. ಹುಡುಗಿ ತಾಟಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಕಡೆಗೆ ಅಕ್ಕ ಫೋನ್ ತೆಗೆದು, ಎಲ್ಲರ ಎದುರಿಗೇ ಮಲ್ಲೇಶನನ್ನು ಗುಂಪಿನಿಂದ ಹೊರಗೆ ಹಾಕಿದಳು. ಅವನು ಹೆಂಡತಿಯ ಕೈ ಹಿಡಿದು ಎಬ್ಬಿಸಿಕೊಂಡು ಹೋದ.

"ಭಾಳಾತಲ್ರಿ ಅಕ್ಕಾ," ಎಂದೆ ನಾನು, ಬಸ್ಸಿಗೆ ಕಾಯುವಾಗ.

"ಕಡಿಮಿ ಆತು," ಎಂದಳು. "ಅವನ ಮಾತ ಕೇಳಿ ಕಡ್ಲಿ ಬಿತ್ತೂದು ನಿಂದರಿಸಿದ ಮಂದಿ ಅದಾರ. ಅವರ ಕೈಯಾಗ ಸಿಕ್ಕಿದ್ರ ಬರೇ ಮಾತಿಗೆ ಮುಗೀತಿರಲಿಲ್ಲ."

ಇನ್ನೊಬ್ಬಳ ಬಗ್ಗೆ ಹೇಳಬೇಕು. ನೀಲವ್ವ. ಕಸ್ತೂರಕ್ಕನ ಅಂಗಡಿಯಲ್ಲಿ ಕಸ ಹೊಡೆದು, ಡಬ್ಬಿ ಜೋಡಿಸಿ, ಹಿಂದಿನ ಮನೆಯಲ್ಲಿ ಅಡಿಗೆ ಮಾಡಿಡುವ ಹೆಂಗಸು. ಅಕ್ಕನಷ್ಟೇ ವಯಸ್ಸು, ಆದರೆ ಎತ್ತರದ, ದಪ್ಪ ಎಲುಬಿನ ಆಳು. ಹಳೇ ಓಣಿಯಲ್ಲಿ ಮಣ್ಣಿನ ಮಾಳಿಗೆಯ ಮನೆಯಲ್ಲಿ ಒಬ್ಬಳೇ ಇರುತ್ತಿದ್ದಳು. ಅಕ್ಕ ದಿನಕ್ಕೆ ಎಷ್ಟು ಸಲ ಬೈದರೂ ನೀಲವ್ವ ಬಾಯಿ ತೆರೆಯುತ್ತಿರಲಿಲ್ಲ. ಎಷ್ಟೋ ದಿನ ನಾನು ಆಕೆಯನ್ನು ಮೂಗಿ ಎಂದೇ ತಿಳಿದಿದ್ದೆ.

ಆ ವರ್ಷ ದಸರೆ ಮುಗಿದ ಮೇಲೆ ಸೋಯಾ ಕಟಾವು ಜೋರಾಗಿ ನಡೆದಿತ್ತು. ಹೊಲದಲ್ಲಿ ಬಣವೆ, ಕಣದಲ್ಲಿ ರಾಶಿ, ರಸ್ತೆಯ ಒಂದು ಬದಿಯುದ್ದಕ್ಕೂ ಒಣಗಲು ಹರವಿದ ಕಾಳು. ಅಂಥದ್ದರಲ್ಲಿ ಕೊಲ್ಲಿಯಲ್ಲಿ ಮೋಡ ಸುತ್ತಿತು. ಮೊದಲು ಸಾದಾ ಕುಸಿತ. ಆಂಧ್ರದ ದಂಡೆ ಹತ್ತುವ ಹೊತ್ತಿಗೆ ಅದು ಆಳವಾದ ಕುಸಿತವಾಗಿತ್ತು. ದಂಡೆ ಹತ್ತಿದ ಮೇಲೂ ಸೊರಗದೆ ಪಡುವಣಕ್ಕೆ, ನಮ್ಮ ಕಡೆಗೆ ನಡೆಯತೊಡಗಿತು. ಬಳಗದಲ್ಲಿ ಯಾರಿಗೂ ಕೆಲಸ ಮಾಡಲು ಮನಸ್ಸಿಲ್ಲ. ಫೋನಿನಲ್ಲಿ ಆ ಬಿಳಿ ಸುಳಿ ತಿರುಗುವುದನ್ನು ನೋಡುವುದೇ ಕೆಲಸ. ಕಸ್ತೂರಕ್ಕ ಇಳಕಲ್ ಸೀರೆಯಲ್ಲೇ ದಿನ ಕಳೆಯುತ್ತಿದ್ದಳು. ಗುಳಿಗೆ ಕೇಳಿದವರಿಗೆ ನೋಡದೆಯೇ ಕೈ ಚಾಚಿ ಕೊಡುತ್ತಿದ್ದಳು.

ಸರ್ಕಾರದವರು ಎಚ್ಚರಿಕೆ ಕೊಟ್ಟಿದ್ದರು. ಆದರೆ ಊರು ಕಾಯುತ್ತಿದ್ದದ್ದು ಅಕ್ಕನ ಧ್ವನಿಗೆ. ಆಕೆ ಒಂದಿಡೀ ದಿನ ಗೆರೆಗಳನ್ನು ನೋಡಿ, ಸಂಜೆ ಗುಂಪಿನಲ್ಲಿ ಹೇಳಿದಳು: "ಕೇಳ್ರಿ. ಇದು ಕಲಬುರ್ಗಿ ದಾಟಿದ ಕೂಡಲೇ ಮ್ಯಾಲಕ್ಕ ತಿರಗತೈತಿ. ಬೈಲಹೊಂಗಲ, ಸವದತ್ತಿ, ರಾಮದುರ್ಗ, ಎಲ್ಲೂ ಬರೇ ಗಾಳಿ. ಸೋಯಾ ಹರವಿದ್ದು ಹರವಿದಂಗ ಇರ್ಲಿ. ಹೆದರೂ ಮಂದಿ ಗುಡಿಗೆ ಹೋಗಿ ಗಂಟಿ ಬಾರಸ್ರಿ, ನನಗ ಫೋನ್ ಮಾಡಬ್ಯಾಡ್ರಿ."

ಮರುದಿನ ಮುಂಜಾನೆ ಮಲ್ಲೇಶ ನನಗೆ ಫೋನ್ ಮಾಡಿದ. "ಅಣ್ಣಾ, ಗೆರಿ ಕೆಳಗ ಸರದಾವ. ತಿರಗೂ ಹಂಗ ಕಾಣವಲ್ದು. ಸೀದಾ ನಮ್ಮ ಮ್ಯಾಲೇ ಬರತೈತಿ. ನಾ ಹೇಳಿದ್ರ ಯಾರೂ ಕೇಳೂದಿಲ್ಲ. ಅಕ್ಕಾರಿಗೆ ನೀ ಹೇಳು." ಅವನಿಗೂ ಖಾತ್ರಿ ಇರಲಿಲ್ಲ, ಅದು ದನಿಯಲ್ಲೇ ಗೊತ್ತಾಗುತ್ತಿತ್ತು. ಒಂದು ಕಂಪ್ಯೂಟರ್ ಮಾತ್ರ ಹಾಗೆ ತೋರಿಸುತ್ತಿತ್ತು, ಉಳಿದವು ಅಕ್ಕನ ಮಾತನ್ನೇ ಹೇಳುತ್ತಿದ್ದವು. ಆದರೂ ನಾನು ಮೋಟಾರ್ ಸೈಕಲ್ ಹತ್ತಿ ಬೈಲಹೊಂಗಲಕ್ಕೆ ಹೋದೆ.

ಅಂಗಡಿಯಲ್ಲಿ ನೀಲವ್ವ ನೆಲ ಒರೆಸುತ್ತಿದ್ದಳು. ನಾನು ಅಕ್ಕನ ಎದುರು ಫೋನ್ ಹಿಡಿದು, "ಇದೊಂದ ಗೆರಿ ನೋಡ್ರಿ," ಎಂದೆ.

"ಯಾರ ತೋರಿಸಿದ್ದು?"

"ಮಲ್ಲೇಶ."

ಆಕೆ ಫೋನನ್ನು ನನ್ನ ಕಡೆಗೇ ದಬ್ಬಿದಳು. "ಅವಂದು ಒಂದು, ನಂದು ನಾಕು. ಎಣಿಸಾಕ ಬರತೈತಿಲ್ಲೋ ನಿನಗ?"

"ನಾಕೂ ತಪ್ಪಿದ್ರ, ಅಕ್ಕಾ? ಮಂದಿ ಕಾಳು ರಸ್ತೆದಾಗ ಐತಿ. ಸುಮ್ನ ಮುಚ್ಚಿಡ್ರಿ ಅಂತ ಒಂದ ಮಾತ ಹೇಳ್ರಿ. ಮಳಿ ಬರದಿದ್ರ ಏನೂ ಹೋಗೂದಿಲ್ಲ."

"ಹಂಗ ಹೇಳೂದಾದ್ರ ನಾ ಯಾಕ ಬೇಕು? ಗುಡಿ ಮುಂದ ಕುಂದ್ರೂ ಗಿಳಿಶಾಸ್ತ್ರದಾವ ಸಾಕು."

ಆಗ ನೀಲವ್ವ ಬಟ್ಟೆ ಹಿಂಡಿ ಎದ್ದು ನಿಂತಳು. ಆಕೆಯ ಧ್ವನಿಯನ್ನು ನಾನು ಕೇಳಿದ್ದು ಅದೇ ಮೊದಲು. "ಅಕ್ಕಾರ, ನಮ್ಮ ಹಿತ್ತಲ ಗ್ವಾಡಿ ಹೋದ ಮಳಿಗೇ ಸಡ್ಲ ಆಗೇತ್ರಿ. ತಂಗಿ ಮನಿಗೆ ಸವದತ್ತಿಗೆ ಹೋಗಿ ನಾಕ ದಿನ ಇದ್ದು ಬರಲೇನ್ರಿ?"

"ನಿನ್ನ ಗ್ವಾಡಿ ನಿನಗಿಂತ ಗಟ್ಟಿ ಐತಿ," ಎಂದಳು ಕಸ್ತೂರಕ್ಕ, ಫೋನಿನಿಂದ ತಲೆ ಎತ್ತದೆ. "ಮಳಿ ಇಲ್ಲ ಅಂದೇನಿಲ್ಲ? ನೆಲಾ ಒರಸು."

ನೀಲವ್ವ ಮತ್ತೆ ಬಗ್ಗಿದಳು.

ಅದರ ಮರುದಿನ ಮಧ್ಯಾಹ್ನ ಗಾಳಿ ಸುಮ್ಮನಾಯಿತು. ಮೂಡಣದ ಆಕಾಶ ಸೀಸದ ಬಣ್ಣಕ್ಕೆ ತಿರುಗಿತು. ಸುಳಿ ಉತ್ತರಕ್ಕೆ ತಿರುಗಲಿಲ್ಲ. ಮಳೆ ಎಂದರೆ ಹನಿಯಲ್ಲ, ನೀರು ಸುರುವಿದ ಹಾಗೆ, ಬಿಡುವಿಲ್ಲದೆ, ಮರುದಿನ ಸಂಜೆಯಾದರೂ ನಿಲ್ಲದೆ. ರಸ್ತೆಯ ಸೋಯಾ ಗಟಾರದಲ್ಲಿ ಹರಿದು ಹೋಯಿತು. ಬಣವೆಗಳು ನೀರು ಕುಡಿದು ಕುಸಿದವು. ರಾಮದುರ್ಗದ ಕಡೆ ಹೊಳೆಯ ದಂಡೆಯ ಹೊಲಗಳಲ್ಲಿ ನೀರು ನಿಂತಿತು. ನನ್ನ ಲಾರಿಗಳು ಆಗ ನಿಂತಲ್ಲೇ ಇದ್ದವು, ಹಂಗಾಮು ಶುರುವಾಗಿರಲಿಲ್ಲ. ನಾನು ಮನೆಯಲ್ಲಿ ಕುಳಿತು ಅಕ್ಕನಿಗೆ ಫೋನ್ ಮಾಡಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಆಕೆಯೇ ಮಾಡಿದಳು. ದೀಪ ಹಚ್ಚುವ ಹೊತ್ತು.

ಅಳುತ್ತಾಳೇನೋ ಎಂದುಕೊಂಡಿದ್ದೆ. ಆಕೆ ನಗುತ್ತಿದ್ದಳು.

"ಶಂಕ್ರಪ್ಪಾ, ನಾ ಸೋತೆ," ಎಂದಳು. ತಾರಸಿಯ ಮೇಲೆ ನಿಂತಿದ್ದಳು, ಮಳೆಯ ಸದ್ದಿನಲ್ಲಿ ಮಾತು ಮುಳುಗಿ ಏಳುತ್ತಿತ್ತು. "ಎಂಥಾ ಮಳಿಯೋ. ಡಬ್ಬಿ ತುಂಬಿ ಚೆಲ್ಲಾಕ ಹತ್ತೇತಿ, ನಾ ಸುರುವೂದರೊಳಗ ಮತ್ತ ತುಂಬತೈತಿ. ಹುಟ್ಟಿದಾಗಿಂದ ಇಂಥಾದ್ದ ನೋಡಿಲ್ಲ. ತಿರಗತೈತಿ ಅಂದಿದ್ದೆ. ತಿರಗಲಿಲ್ಲ ನೋಡು, ಸೂಳಿಮಗಂದು. ಸೀದಾ ನನ್ನ ಮನಿಗೇ ಬಂತು."

ಮಗು ಹುಟ್ಟಿದ ಸುದ್ದಿ ಹೇಳುವವರ ದನಿ ಅದು. ಅಷ್ಟರಲ್ಲಿ ಕೆಳಗಿನಿಂದ ಯಾರೋ ಗಂಡಸು ಕೂಗಿದ್ದು ಫೋನಿನಲ್ಲಿ ಕೇಳಿಸಿತು. "ಅಕ್ಕಾರ, ಇಳದ ಬರ್ರಿ. ನೀಲವ್ವನ ಮನಿ ಬಿತ್ತು."

ಫೋನನ್ನು ಕಟ್ಟೆಯ ಮೇಲೆ ಇಟ್ಟ ಸದ್ದಾಯಿತು. ಆಕೆ ಅದನ್ನು ಬಂದ್ ಮಾಡಿರಲಿಲ್ಲ. ನಾನು ಬಹಳ ಹೊತ್ತು ಕಿವಿಗೆ ಹಚ್ಚಿಕೊಂಡೇ ಕುಳಿತಿದ್ದೆ. ಡಬ್ಬಿಯಲ್ಲಿ ಮಳೆ ಬೀಳುವುದು ಕೇಳುತ್ತಿತ್ತು. ಆಮೇಲೆ ಫೋನೂ ನೀರು ಕುಡಿದು ಸುಮ್ಮನಾಯಿತು.

ನೀಲವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳಂತೆ. ಹಿತ್ತಲ ಗೋಡೆ ಒಳಗೆ ಬಿತ್ತು, ಅದರ ಮೇಲೆ ಜಂತಿ, ಜಂತಿಯ ಮೇಲೆ ಮಾಳಿಗೆಯ ಮಣ್ಣು. ಓಣಿಯ ಮಂದಿ ಗುದ್ದಲಿ ತಂದು ಮಣ್ಣು ಎಳೆಯುವಾಗ ಕಸ್ತೂರಕ್ಕ ಇಳಕಲ್ ಸೀರೆಯಲ್ಲಿ ಮೊಣಕಾಲೂರಿ ಕೈಯಿಂದಲೇ ಕೆದರುತ್ತಿದ್ದಳಂತೆ. ಜೀವ ಇತ್ತು. ಸೊಂಟದ ಕೆಳಗೆಲ್ಲ ಜಜ್ಜಿ ಹೋಗಿತ್ತು. ಬೆಳಗಾವಿಯ ಆಸ್ಪತ್ರೆಯಲ್ಲಿ ಒಂದು ಕಾಲು ತೆಗೆದರು, ಇನ್ನೊಂದು ಇದ್ದೂ ಇಲ್ಲದ ಹಾಗಾಯಿತು. ಸವದತ್ತಿಯ ತಂಗಿ ಒಂದು ಸಲ ಬಂದು ಅತ್ತು ಹೋದಳು, ಮತ್ತೆ ಬರಲಿಲ್ಲ. ಕಸ್ತೂರಕ್ಕ ಆಕೆಯನ್ನು ತನ್ನ ಮನೆಗೆ ತಂದು, ತಾನು ಮಲಗುವ ಮಂಚದ ಮೇಲೆ ಮಲಗಿಸಿದಳು. ತಾನು ಕೆಳಗೆ ಚಾಪೆ ಹಾಸಿಕೊಂಡಳು.

ಊರಿಗೆ ನೀಲವ್ವನ ಕಾಲಿನ ಚಿಂತೆ ಇರಲಿಲ್ಲ, ಸೋಯಾದ್ದಿತ್ತು. ಬಿಸಿಲು ಬಿದ್ದ ಮೇಲೆ ಮಂದಿ ಅಂಗಡಿಗೆ ಬರತೊಡಗಿದರು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಮೊಳಕೆ ಬಂದ, ನಾರುವ ಕಾಳನ್ನು ಬೊಗಸೆಯಲ್ಲಿ ತಂದು ಕೌಂಟರಿನ ಗಾಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಒಬ್ಬ ಮುದುಕ ದಿನಾ ಬಂದು ಇಡುತ್ತಿದ್ದ. ಅಕ್ಕ ಅದನ್ನು ಅಂಗೈಯಿಂದ ಬಳಿದು ಬುಟ್ಟಿಗೆ ಹಾಕಿ, "ಮತ್ತೇನ ಬೇಕ್ರಿ?" ಎಂದು ಕೇಳುತ್ತಿದ್ದಳು. ಅದನ್ನು ಕೇಳಿ ಅವರಿಗೆ ಇನ್ನಷ್ಟು ಸಿಟ್ಟು. ಕಾಲು ಹಿಡಿಯಲಿ ಎಂದು ಕಾಯುತ್ತಿದ್ದರು ಅವರು.

ಆಮೇಲೆ ಮಲ್ಲೇಶ ತನ್ನ ಕೆಲಸ ಮಾಡಿದ. ಅಕ್ಕನ ಆ ಧ್ವನಿಯನ್ನು ಡೋಲಿನ ಬಡಿತಕ್ಕೆ ಕೂಡಿಸಿ ಹಾಡು ಮಾಡಿ ಬಿಟ್ಟ. 'ಬರೇ ಗಾಳಿ, ಬರೇ ಗಾಳಿ' ಎಂಬುದು ಪಲ್ಲವಿ. ನಡುನಡುವೆ 'ಗಂಟಿ ಬಾರಸ್ರಿ' ಎಂದಾಗ ನಿಜವಾದ ಗಂಟೆ. ಬಹಳ ಚೆನ್ನಾಗಿ ಮಾಡಿದ್ದ. ತಾಲೂಕು ತುಂಬ ಹರಡಿತು. ಬಸ್ಸಿನಲ್ಲಿ ಯಾರದೋ ಫೋನ್ ರಿಂಗಾದರೆ ಅದೇ. ಒಂದು ಮದುವೆಯ ಮೆರವಣಿಗೆ ಪೇಟೆಯಲ್ಲಿ ಹೋಗುವಾಗ ಡಿಜೆಯವನು ಔಷಧ ಅಂಗಡಿಯ ಎದುರಿಗೆ ಗಾಡಿ ನಿಲ್ಲಿಸಿ ಅದನ್ನೇ ಹಚ್ಚಿದ. ಹುಡುಗರು, ದೊಡ್ಡವರು, ಹೆಂಗಸರು ಕೂಡ ಕುಣಿದರು. ನಾನು ಅವತ್ತು ಅಲ್ಲೇ ಇದ್ದೆ. ಒಬ್ಬ ಬಸುರಿ ಹೆಂಗಸು ಗುಳಿಗೆ ತೆಗೆದುಕೊಳ್ಳುತ್ತಿದ್ದಳು. ಕಸ್ತೂರಕ್ಕ ಆಕೆಯ ಕಡೆಗೆ ಬಗ್ಗಿ, ಡಿಜೆಯ ಸದ್ದಿಗಿಂತ ಜೋರಾಗಿ, ಯಾವುದು ಮುಂಜಾನೆ, ಯಾವುದು ಊಟ ಆದ ಮೇಲೆ ಎಂದು ಹೇಳುತ್ತಿದ್ದಳು. ತನ್ನದೇ ದನಿ ಬೀದಿಯಲ್ಲಿ ಕುಣಿಯುತ್ತಿತ್ತು, ಆ ದನಿಯ ಮೇಲೆ ಇನ್ನೊಂದು ದನಿ ಎತ್ತಿ ಮಾತಾಡುತ್ತಿದ್ದಳು. ಆ ಹೆಂಗಸಿಗೂ ನಗು ತಡೆಯಲಾಗಲಿಲ್ಲ.

ನಾನು ರಾಮದುರ್ಗಕ್ಕೆ ಹೋಗಿ ಮಲ್ಲೇಶನ ಅಂಗಡಿಯಲ್ಲಿ ಕುಳಿತೆ. "ಆಕಿ ಸೋತಾಳಪಾ. ಇನ್ನ ಸಾಕು, ತಗದ ಹಾಕು," ಎಂದೆ.

ಅವನು ಒಂದು ಫೋನಿನ ಹಿಂಬದಿ ಬಿಚ್ಚುತ್ತಿದ್ದ. ಕೈ ನಿಲ್ಲಿಸಲಿಲ್ಲ. "ಅಣ್ಣಾ, ಉಗರಗೋಳದಿಂದ ಬಂದಾಗಿಂದ ನನ್ನ ಹೆಂಡ್ತಿ ನಾ ಅಂದದ್ದು ಒಂದೂ ನಂಬೂದಿಲ್ಲ. ನೀರ ಕಾದಾವ ಅಂದ್ರ ಬೆರಳ ಅದ್ದಿ ನೋಡತಾಳ. ಬಸ್ ಬಂತು ಅಂದ್ರ ತಾ ಬಾಗಲಕ್ಕ ಹೋಗಿ ನೋಡತಾಳ. ಜಗಳಾ ಇಲ್ಲ, ಏನಿಲ್ಲ. ಮುಟ್ಟಿ ನೋಡತಾಳ, ಅಷ್ಟ." ಬಿಚ್ಚಿದ ಹಿಂಬದಿಯನ್ನು ಪಕ್ಕಕ್ಕಿಟ್ಟು, "ಇನ್ನೊಂದ ಸ್ವಲ್ಪ ದಿನ ಕುಣೀಲಿ ಮಂದಿ," ಎಂದ. ಅವನು ತೆಗೆಯಲಿಲ್ಲ.

ಗಿರಾಕಿಗಳು ಬೇರೆ ಅಂಗಡಿ ಹಿಡಿದರು. ಕಸ್ತೂರಕ್ಕ ಅಂಗಡಿಯನ್ನು ಬಾಡಿಗೆಗೆ ಕೊಟ್ಟು ಮನೆ ಸೇರಿದಳು. ಬಳಗದಿಂದ ಹೊರಗೆ ಹೋದಳು, ಯಾರಿಗೂ ಹೇಳಲಿಲ್ಲ. ತಾರಸಿಯ ಡಬ್ಬಿ ಕಿತ್ತು ಹಾಕಿದಳು. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಮನೆಯಲ್ಲಿ ದನಿ ಬದಲಾಗಿತ್ತು. ಅಷ್ಟು ವರ್ಷ ಬಾಯಿ ತೆರೆಯದ ನೀಲವ್ವ ಈಗ ಮಂಚದಿಂದ ಆಳುತ್ತಿದ್ದಳು. 'ಅಕ್ಕಾರ' ಹೋಗಿ 'ಕಸ್ತೂರಿ' ಬಂದಿತ್ತು. "ಕಸ್ತೂರಿ, ಮಗ್ಗಲ ತಿರುಗಸು. ಕಸ್ತೂರಿ, ಸಾರಿಗೆ ಉಪ್ಪ ಯಾರ ಹಾಕಬೇಕು, ನಿಮ್ಮಪ್ಪ ಹಾಕಬೇಕೇನು?" ಅಕ್ಕ ಎದ್ದು ಉಪ್ಪು ತರುತ್ತಿದ್ದಳು. ತಲೆ ಬಾಚುತ್ತಿದ್ದಳು, ಹೇಲು ಉಚ್ಚೆ ಬಳಿಯುತ್ತಿದ್ದಳು, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚುತ್ತಿದ್ದಳು.

ದಿನಾ ಮುಂಜಾನೆ ಕಣ್ಣು ಬಿಟ್ಟ ಕೂಡಲೇ ನೀಲವ್ವ ಕೇಳುತ್ತಿದ್ದದ್ದು ಒಂದೇ: "ಕಸ್ತೂರಿ, ಇವತ್ತ ಮಳಿ ಐತೇನು?"

"ಗೊತ್ತಿಲ್ಲ," ಎನ್ನುತ್ತಿದ್ದಳು ಅಕ್ಕ.

"ಆವತ್ತ ಗೊತ್ತಿತ್ತಲ್ಲ."

ಅಕ್ಕ ನೀರು ಕಾಯಿಸಲು ಹೋಗುತ್ತಿದ್ದಳು. ನಾನು ಒಂದು ಮುಂಜಾನೆ ಇದ್ದಾಗ ಇದನ್ನು ಕಿವಿಯಾರೆ ಕೇಳಿದೆ. ಬೇಸಿಗೆಯ ನಡುವೆ, ಒಂದು ತುಂಡು ಮೋಡ ಇಲ್ಲದ ದಿನ ಅದು.

ನಾನು ಕಡೆಯ ಸಲ ಅಕ್ಕನನ್ನು ನೋಡಿದ್ದು ಅದಾದ ಮೇಲೆ, ಮುಂಗಾರಿನ ಮುಂಚೆ. ಅರಬ್ಬಿ ಸಮುದ್ರದಲ್ಲಿ ಒಂದು ಸುಳಿ ಎದ್ದಿತ್ತು. ನಾನು ಅದರ ಮಾತು ಎತ್ತಬಾರದು ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಚಹಾ ಕುಡಿದೆ. ಕಬ್ಬಿನ ಮಾತು, ಡೀಸೆಲ್ ಮಾತು ಆಡಿದೆ. ಅಕ್ಕ ಬಹಳ ಇಳಿದಿದ್ದಳು. ಕೊರಳಿನ ಎಲುಬು ಕಾಣುತ್ತಿತ್ತು. ನನ್ನನ್ನು ಕಳಿಸಲು ಬಾಗಿಲವರೆಗೆ ಬಂದಳು. ನಾನು ಚಪ್ಪಲಿ ಮೆಟ್ಟುವಾಗ, ಒಳಗೆ ಕೇಳಿಸಬಾರದು ಎಂಬಂತೆ ಸಣ್ಣ ದನಿಯಲ್ಲಿ, "ಎಲ್ಲಿ ಐತಿ?" ಎಂದಳು.

"ಗೋವಾದ ಕೆಳಗ, ಭಾಳ ದೂರ," ಎಂದೆ.

"ಕಣ್ಣ ಮೂಡೇತೇನು?" ಸುಳಿಯ ನಡುವೆ ತೂತು ಕಂಡರೆ ಅದು ದೊಡ್ಡ ಬಿರುಗಾಳಿ ಎಂದು ಅರ್ಥ. ನಾನು ಫೋನ್ ತೆಗೆದು ತೋರಿಸಿದೆ. ಆಕೆ ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ, ಮುಖವನ್ನು ಫೋನಿಗೆ ತಾಗುವಷ್ಟು ಹತ್ತಿರ ತಂದು ನೋಡಿದಳು. ತುಟಿ ಸಡಿಲಾಯಿತು. ಒಳಗಿನಿಂದ ನೀಲವ್ವ ಕರೆದಳು. ಅಕ್ಕ ಫೋನನ್ನು ನನ್ನ ಕಿಸೆಗೆ ತುರುಕಿ ಒಳಗೆ ಹೋದಳು.

ಅಕ್ಕ ಸತ್ತ ಸುದ್ದಿ ನನಗೆ ತಡವಾಗಿ ತಿಳಿಯಿತು. ಚಹಾದ ಪಾತ್ರೆ ಒಲೆಯ ಮೇಲಿಟ್ಟು ಕೆಳಗೆ ಕುಳಿತವಳು ಏಳಲಿಲ್ಲವಂತೆ. ನೀಲವ್ವ ಮಂಚದಿಂದ ಕೂಗಿ ಕೂಗಿ ಸೋತಳು; ಪಾತ್ರೆ ಹೊತ್ತಿದ ವಾಸನೆ ಬಂದ ಮೇಲೆ ನೆರೆಯವರು ಬಂದರಂತೆ. ನಾನು ಹೋದಾಗ ದಿನಕರ್ಮಗಳೆಲ್ಲ ಮುಗಿದಿದ್ದವು. ನೆರೆಯ ಹೆಂಗಸೊಬ್ಬಳು ಹೊತ್ತುಹೊತ್ತಿಗೆ ಬಂದು ನೀಲವ್ವನಿಗೆ ಊಟ ಇಟ್ಟು ಹೋಗುತ್ತಿದ್ದಳು. ಕೋಣೆ ನಾರುತ್ತಿತ್ತು. ನಾನು ಸ್ಟೂಲಿನ ಮೇಲೆ ಕುಳಿತೆ.

"ಮಣ್ಣಿಗೆ ಭಾಳ ಮಂದಿ ಬರಲಿಲ್ಲರಿ," ಎಂದಳು ನೀಲವ್ವ. "ಬಿಸಲ ಭಾಳ ಇತ್ತು."

ನಾನು ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡೆ.

"ಈ ಮನಿ ನನ್ನ ಹೆಸರಿಗೆ ಮಾಡ್ಯಾಳಂತ. ಮೊ‌ನ್ನೆ ವಕೀಲರು ಬಂದು ಹೇಳಿದ್ರು. ನಾ ಕೇಳಿರಲಿಲ್ಲ." ಆಕೆ ಚಾವಣಿಯ ಕಡೆ ನೋಡುತ್ತಾ ಮಾತಾಡುತ್ತಿದ್ದಳು. "ಉಣಿಸಿದಳು, ತೊಳದಳು, ನನ್ನ ಮೈಯಾಗಿನ ಹುಳಾ ಸೈತ ತಗದಳು. ಒಂದ ದಿನಾನೂ 'ನೀಲಿ, ನಂದ ತಪ್ಪಾತು' ಅನ್ನಲಿಲ್ಲರಿ. ಅಷ್ಟ ಅಂದಿದ್ರ ಸಾಕಾಗಿತ್ತು. ಬಾಯಿ ತುದಿಗೆ ಬರ್ಲಿ ಅಂತನ ದಿನಾ ಮಳಿ ಮಾತ ತಗೀತಿದ್ದೆ. ಇವತ್ತರೆ ಅಂದಾಳು, ಇವತ್ತರೆ ಅಂದಾಳು ಅಂತ."

ಹೊರಗೆ ಯಾವುದೋ ಟ್ರ್ಯಾಕ್ಟರ್ ಹೋಯಿತು.

"ನನ್ನ ಆ ಕಡೆ ತಿರುಗಿಸಿ ಹೋಗ್ರಿ," ಎಂದಳು ಆಮೇಲೆ. "ಊಟಾ ಇಡೂ ಆಕಿ ಬರೂದು ಇನ್ನ ಹೊತ್ತೈತಿ. ಬೆನ್ನ ಉರಿಯಾಕ ಹತ್ತೇತಿ."

ನಾನು ಎದ್ದು ಒಂದು ಕೈ ಆಕೆಯ ಹೆಗಲ ಕೆಳಗೆ, ಒಂದು ಕೈ ಸೊಂಟದ ಕೆಳಗೆ ಹಾಕಿದೆ. ಒಂದೇ ಸಲಕ್ಕೆ ಆಗಲಿಲ್ಲ. ಮಂಚಕ್ಕೆ ಮೊಣಕಾಲು ಊರಿ, ಉಸಿರು ಹಿಡಿದು ಎಳೆದೆ. ನಾನು ಲಾರಿಯ ಮೇಲೆ ಕಬ್ಬಿನ ಹೊರೆ ಏರಿಸಿದವನು, ನನಗೇ ಬೆವರು ಬಂತು.

"ಆಕಿ ಹಿಂಗ ನೂಕತಿರಲಿಲ್ಲ," ಎಂದಳು ನೀಲವ್ವ, ಗೋಡೆಯ ಕಡೆ ಮುಖ ಮಾಡಿಕೊಂಡು. "ಮೊದಲ ಸೀರಿ ಸರಿ ಮಾಡತಿದ್ದಳು."